ಶಾಲಾ ಪತ್ರಿಕೆಯ ಬಗ್ಗೆ ಮಕ್ಕಳ ಕಾದಂಬರಿ ಬರೆಯುತ್ತಿದ್ದೇನೆ: ಕಳ್ಳನನ್ನು ಹಿಡಿಯುವ ಅಧ್ಯಾಯ ಬೇಕಾ?

ಚಾರ್ಟ್‌ಪೇಪರ್ ಟೀಚರ್ (ಶನಿವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಆರು ವರ್ಷದಿಂದ ಏಳನೇ ಕ್ಲಾಸಿನ ಮಕ್ಕಳ ಜೊತೆ ಗೋಡೆ ಪತ್ರಿಕೆ ಮಾಡುತ್ತಿದ್ದೇನೆ. ಅದೇ ನೆನಪುಗಳನ್ನು ಇಟ್ಟುಕೊಂಡು 10ರಿಂದ 13 ವರ್ಷದ ಮಕ್ಕಳಿಗೆ ಒಂದು ಕಾದಂಬರಿ ಬರೆಯೋಣ ಅಂತ ಕೂತಿದ್ದೇನೆ. ಹನ್ನೊಂದು ಅಧ್ಯಾಯ ಆಗಿದೆ. ಹನ್ನೆರಡಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಕಥೆ ಹೀಗಿದೆ. ದೇಚಮ್ಮ, ಮನೆಯಲ್ಲೂ ಶಾಲೆಯಲ್ಲೂ ದೇಚು. ಅವಳ ಜೊತೆ ಕಾಫಿ ತೋಟದ ಲೈನ್‌ಮನೆಯ (ಕೆಲಸಗಾರರ ಸಾಲುಮನೆ) ಸೆಲ್ವಿ, ದಿನಸಿ ಅಂಗಡಿಯವರ ಮಗ ಆಶಿಕ್. ಜೂನ್‌ನಲ್ಲಿ ಶಾಲೆ ಶುರುವಾದಾಗ ಮೂವರೂ ಪತ್ರಿಕೆ ಆರಂಭಿಸುತ್ತಾರೆ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ಕಥೆ ಮುಗಿಯುತ್ತದೆ. ನಡುವೆ ನಮ್ಮ ಮಳೆಗಾಲ ಪೂರ್ತಿ ಇದೆ. ಚಾರ್ಟ್ ಪೇಪರ್ ಥಂಡಿ ಹೀರಿ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತದೆ. ಬೆಳಗಾಗುವಷ್ಟರಲ್ಲಿ ಸ್ಕೆಚ್ ಪೆನ್ನಿನ ಶಾಯಿ ಹರಡಿ ಅಕ್ಷರಕ್ಕೆಲ್ಲ ಮೀಸೆ ಬಂದಿರುತ್ತದೆ. ಮೈದಾ ಅಂಟಿಗೆ ಬೂಷ್ಟು ಹಿಡಿಯುತ್ತದೆ. ಇದೆಲ್ಲ ನಮ್ಮಲ್ಲಿ ಆದದ್ದೇ. ಕೊನೆಗೆ ಬಿಸಿಯೂಟದ ಅಡುಗೆ ಅಕ್ಕ ಹಾಳೆಯನ್ನು ಒಲೆಯ ಪಕ್ಕ ಹಗ್ಗಕ್ಕೆ ಹಾಕಿ ಒಣಗಿಸಿ ಕೊಡಲು ಶುರುಮಾಡಿದರು. ಅಂದಿನಿಂದ ನಮ್ಮ ಪತ್ರಿಕೆಗೆ ಸಾರಿನ ವಾಸನೆ. ಇದಿಷ್ಟನ್ನೂ ಕಾದಂಬರಿಗೆ ತಂದಿದ್ದೇನೆ, ಖುಷಿಯಾಗಿದೆ.

ತೊಂದರೆ ಹನ್ನೆರಡನೆಯದು. ಅದರಲ್ಲಿ ಶಾಲೆಯ ದಾಸ್ತಾನು ಕೋಣೆಯಿಂದ ಅಕ್ಕಿ ಕಾಣೆಯಾಗುತ್ತದೆ. ಮೂವರೂ ರಾತ್ರಿ ಬಚ್ಚಿಟ್ಟುಕೊಂಡು ಕಾಯುತ್ತಾರೆ, ಕಳ್ಳ ಸಿಕ್ಕಿಬೀಳುತ್ತಾನೆ, ಊರೆಲ್ಲ ಚಪ್ಪಾಳೆ. ಕ್ಲಾಸಿನಲ್ಲಿ ಓದಿ ಹೇಳಿದೆ. ಮಕ್ಕಳೂ ಚಪ್ಪಾಳೆ ತಟ್ಟಿದರು. ಆಮೇಲೆ ಹಿಂದಿನ ಸಾಲಿನ ಒಬ್ಬಳು ಎದ್ದು ಕೇಳಿದಳು: "ಟೀಚರ್, ಇದರಲ್ಲಿ ಅವರು ಪತ್ರಿಕೆ ಮಾಡಿದ್ದು ಎಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನೀವೇನು ಹೇಳುತ್ತೀರಿ?

ಜಿಲ್ಲಾ ವರದಿ (ಶನಿವಾರ, ರಾತ್ರಿ 9:48)

ಟೀಚರ್, ಆ ಹುಡುಗಿಗೆ ನನ್ನ ನಮಸ್ಕಾರ ಹೇಳಿ.

ಹದಿನೆಂಟು ವರ್ಷ ಈ ಜಿಲ್ಲೆಯಲ್ಲಿ ವರದಿ ಮಾಡಿದ್ದೇನೆ. ಒಬ್ಬ ಕಳ್ಳನನ್ನೂ ಹಿಡಿದಿಲ್ಲ. ನಾನು ಮಾಡಿದ್ದು ಕಾಯುವ ಕೆಲಸ. ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ, ಆಸ್ಪತ್ರೆಯ ವರಾಂಡದಲ್ಲಿ, ಗೋಡೆ ಬಿದ್ದ ಮನೆಯ ಅಂಗಳದಲ್ಲಿ. ಆಮೇಲೆ ಹೆಸರು ಸರಿಯಾಗಿ ಬರೆದುಕೊಳ್ಳುವ ಕೆಲಸ. ನಮ್ಮಲ್ಲಿ ಮನೆತನದ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಬೆಳಗ್ಗೆ ಏಳಕ್ಕೇ ಫೋನ್ ಬರುತ್ತದೆ. ಬರಬೇಕಾದ್ದೇ.

ಅಕ್ಕಿಯ ಕಥೆ ಬಿಡಬೇಡಿ, ಕಳ್ಳನನ್ನು ಬಿಡಿ. ಬಿಸಿಯೂಟದಲ್ಲಿ 1ರಿಂದ 5ನೇ ತರಗತಿಗೆ ದಿನಕ್ಕೆ ತಲಾ 100 ಗ್ರಾಂ ಅಕ್ಕಿ, 6ರಿಂದ 8ಕ್ಕೆ ತಲಾ 150 ಗ್ರಾಂ. ಆರು, ಏಳನೇ ಕ್ಲಾಸಿಂದ 40 ಮಕ್ಕಳು ಬಂದಿದ್ದರೆ 6 ಕೆ.ಜಿ. ಇದು ಏಳನೇ ಕ್ಲಾಸಿನ ಗಣಿತ. ದೇಚು ಹಾಜರಿ ಎಣಿಸಲಿ, ಆಶಿಕ್ ಅಪ್ಪನ ಅಂಗಡಿಯ ತಕ್ಕಡಿ ತರಲಿ. ಲೆಕ್ಕ ತಾಳೆಯಾಗದೆ ಇರಲಿ. ಆಗ ಅಡುಗೆ ಅಕ್ಕನನ್ನು ಕೇಳಲಿ. ಬೆಳಗ್ಗೆ ತಿಂಡಿ ತಿನ್ನದೆ ಬರುವ ಮಕ್ಕಳಿಗೆ ಅವರು ಎರಡನೇ ಸಲ, ಮೂರನೇ ಸಲ ಬಡಿಸುತ್ತಿದ್ದಾರೆ ಅನ್ನುವುದು ಆಗ ಗೊತ್ತಾಗಲಿ. ಕಳ್ಳತನ ಅಂತ ಹೊರಟ ಮಕ್ಕಳ ಕೈಗೆ ಹಸಿವಿನ ಸುದ್ದಿ ಸಿಗುತ್ತದೆ. ಪತ್ರಿಕೆ ಮಾಡುವವರಿಗೆ ಹೀಗೆ ಆಗುತ್ತಲೇ ಇರುತ್ತದೆ.

ದಾಸ್ತಾನು ಪುಸ್ತಕ ತೋರಿಸಲ್ಲ ಅಂದರೆ? ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಅರ್ಜಿ ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ಒಂದೇ ವಿಷಯ ಕೇಳಬೇಕು. ಮೂರು ಮಕ್ಕಳು ಕೂತು 150 ಪದಕ್ಕೆ ಅರ್ಜಿ ಇಳಿಸುವ ದೃಶ್ಯ ಬರೆಯಿರಿ. ನಾನಂತೂ ಮೊದಲು ಅದನ್ನೇ ಓದುತ್ತೇನೆ.

ಕುಶಾಲನಗರದ ಅಮ್ಮ (ಶನಿವಾರ, ರಾತ್ರಿ 10:05)

ನನಗೆ ಸ್ವಲ್ಪ ಬೇರೆ ಅಭಿಪ್ರಾಯ. ನನ್ನ ಮಗ ಐದನೇ ಕ್ಲಾಸು. ಕನ್ನಡ ಪುಸ್ತಕ ಕೈಗೆತ್ತಿಕೊಳ್ಳುವಂತೆ ಮಾಡಲು ನಾನು ಎಷ್ಟು ಒದ್ದಾಡುತ್ತೇನೆ ಅಂತ ನನಗೇ ಗೊತ್ತು. ಅರ್ಜಿ, ತಕ್ಕಡಿ, ದಾಸ್ತಾನು ಪುಸ್ತಕ ಅಂದರೆ ಅವನು ಮೂರನೇ ಪುಟಕ್ಕೇ ಮುಚ್ಚಿಡುತ್ತಾನೆ. ಎದೆ ಡವಡವ ಅನ್ನುವುದು ಏನಾದರೂ ಇರಬೇಕು. ಮಕ್ಕಳಿಗೆ ಕಳ್ಳ ಬೇಕು.

ಇನ್ನೊಂದು. ಇಂಥ ಕಥೆಗಳಲ್ಲಿ ಹೆಡ್‌ಮಾಸ್ಟ್ರನ್ನು ಕೆಟ್ಟವರನ್ನಾಗಿ ಮಾಡುವುದು ಸುಲಭ. ಮಕ್ಕಳ ಬರಹವನ್ನು ತಡೆಯುವವರು ಅವರೇ ಆಗಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ತಂದೆ ಮೂವತ್ತು ವರ್ಷ ಹೆಡ್‌ಮಾಸ್ಟ್ರಾಗಿದ್ದರು. ಮಳೆ ಬಂದರೆ ಮೊದಲು ಹೆಂಚು ನೋಡಲು ಹೋಗುತ್ತಿದ್ದರು, ಆಮೇಲೆ ಊಟ.

ಮೊಳೆ ಮಾವ (ಭಾನುವಾರ, ಬೆಳಗ್ಗೆ 6:30)

ನಾನು ಮಡಿಕೇರಿಯ ಒಂದು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸಿದವನು. ವಯಸ್ಸು ಎಪ್ಪತ್ತು ದಾಟಿದೆ. ಮೊಮ್ಮಗಳು ಈ ಚರ್ಚೆ ತೋರಿಸಿದಳು, ಅವಳೇ ಟೈಪ್ ಮಾಡುತ್ತಿದ್ದಾಳೆ.

ಟೀಚರಮ್ಮ, ನಿಮ್ಮ ಮಕ್ಕಳ ಪತ್ರಿಕೆಯ ಮೊದಲ ಸಂಚಿಕೆ ಜುಲೈ 1ಕ್ಕೆ ಬರಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು 1843ರ ಜುಲೈ 1ರಂದು. ಕಲ್ಲಚ್ಚಿನಲ್ಲಿ ತೆಗೆದದ್ದು, ಹದಿನೈದು ದಿನಕ್ಕೊಂದು ಸಲ. ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಅದನ್ನು ಮಾಡಿದ ಹರ್ಮನ್ ಮೋಗ್ಲಿಂಗ್ ಆಮೇಲೆ ನಮ್ಮ ಕೊಡಗಿಗೇ ಬಂದಿದ್ದರು. ಇಲ್ಲಿ ಕೆಲವು ವರ್ಷ ಇದ್ದು ಕೊಡಗಿನ ಬಗ್ಗೆ ಪುಸ್ತಕವನ್ನೂ ಬರೆದರು. ಆ ಜುಲೈ 1ನ್ನೇ ಈಗ ಕನ್ನಡ ಪತ್ರಿಕಾ ದಿನ ಅಂತ ಆಚರಿಸುವುದು. ನಮ್ಮ 'ಶಕ್ತಿ' ದಿನಪತ್ರಿಕೆ 1957ರದ್ದು. ಅದಕ್ಕೂ ಮೊದಲು ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಪಂದ್ಯಂಡ ಬೆಳ್ಳಿಯಪ್ಪನವರು 'ಕೊಡಗು' ಪತ್ರಿಕೆ ನಡೆಸಿದ್ದರು. ಇದನ್ನೆಲ್ಲ ಪಾಠದ ಹಾಗೆ ತುರುಕಬೇಡಿ. ಒಬ್ಬ ಅಜ್ಜ ಹೇಳಿದ ಹಾಗೆ ಬರಲಿ.

ಇನ್ನು ನಮ್ಮ ಕೆಲಸದ ಮಾತು. ಎಡಗೈಯಲ್ಲಿ ಸಾಲು ಜೋಡಿಸುವ ಪಟ್ಟಿ, ಅದೇ ಸ್ಟಿಕ್, ಹಿಡಿದು, ಬಲಗೈಯಲ್ಲಿ ಕೇಸಿನಿಂದ (ಮೊಳೆಗಳ ಖಾನೆಪೆಟ್ಟಿಗೆ) ಒಂದೊಂದೇ ಮೊಳೆ ಎತ್ತಿ ಕೂರಿಸಬೇಕು. ಮೊಳೆಯ ಮೇಲೆ ಅಕ್ಷರ ತಿರುಗುಮುರುಗಾಗಿ ಇರುತ್ತದೆ. ಒತ್ತಕ್ಷರದ ಮೊಳೆಗಳೇ ಬೇರೆ. ಒಂದು ಸಾಲು ತಪ್ಪಿದರೆ ಚಿಮಟದಲ್ಲಿ ಎತ್ತಿ ತೆಗೆದು ಮತ್ತೆ ಕೂರಿಸಬೇಕು, ಆ ಸಾಲು ಬಿಗಿಯಾಗಿ ನಿಲ್ಲುವವರೆಗೆ ಸುಮ್ಮನಿರುವಂತಿಲ್ಲ. ಅದಕ್ಕೇ ನಮಗೆ ತಪ್ಪು ಅಂದರೆ ಕಣ್ಣಿಗೆ ಕಾಣುವ, ಕೈಯಲ್ಲಿ ಭಾರ ಗೊತ್ತಾಗುವ ವಸ್ತು. ಮಕ್ಕಳಿಗೆ ಅದನ್ನು ತೋರಿಸಿ. ನನ್ನ ಹತ್ತಿರ ಒಂದು ಡಬ್ಬಿ ಮೊಳೆ ಇನ್ನೂ ಇದೆ. ಬೇಕಾದರೆ ಶಾಲೆಗೆ ತಂದು ತೋರಿಸುತ್ತೇನೆ.

ಚಾರ್ಟ್‌ಪೇಪರ್ ಟೀಚರ್ (ಭಾನುವಾರ, ಬೆಳಗ್ಗೆ 8:15)

ಮಾವ, ಖಂಡಿತ ಬನ್ನಿ. ಮಕ್ಕಳು ನಿಮ್ಮನ್ನು ಬಿಡುವುದಿಲ್ಲ.

ಕುಶಾಲನಗರದ ಅಮ್ಮ, ನನ್ನ ಹೆಡ್‌ಮಾಸ್ಟ್ರು ಕೆಟ್ಟವರಲ್ಲ. ಆದರೆ ಐದನೇ ಅಧ್ಯಾಯದಲ್ಲಿ ಅವರು ಒಂದು ಬರಹ ತೆಗೆಸುತ್ತಾರೆ. ಶಾಲೆ ಬಿಟ್ಟ ಒಬ್ಬಳು ಹುಡುಗಿಯ ಬಗ್ಗೆ ಮಕ್ಕಳು ಬರೆದಿರುತ್ತಾರೆ, ಅವಳ ಮನೆಯ ಕಷ್ಟ ಎಲ್ಲ ಅದರಲ್ಲಿದೆ. ಹೆಡ್‌ಮಾಸ್ಟ್ರು ತೆಗೀರಿ ಅನ್ನುತ್ತಾರೆ, ಕಾರಣ ಹೇಳುವುದಿಲ್ಲ. ದೇಚು ಅತ್ತುಬಿಡುತ್ತಾಳೆ. ಇಲ್ಲಿ ಯಾರು ಸರಿ ಅಂತ ನನಗೇ ಗೊತ್ತಾಗುತ್ತಿಲ್ಲ.

ಕರಿಕೋಟು (ಭಾನುವಾರ, ಬೆಳಗ್ಗೆ 11:20)

ಇಬ್ಬರೂ ಅರ್ಧರ್ಧ ಸರಿ. ನಾನು ವಕೀಲ, ಇದಕ್ಕೆ ಹತ್ತಿರದ ಒಂದು ಕೇಸು ಹೇಳುತ್ತೇನೆ.

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಹೇಜಲ್‌ವುಡ್ ಈಸ್ಟ್ ಅನ್ನುವ ಹೈಸ್ಕೂಲು. 1983ರಲ್ಲಿ ಅಲ್ಲಿನ ಪ್ರಾಂಶುಪಾಲರು ವಿದ್ಯಾರ್ಥಿಗಳ ಪತ್ರಿಕೆಯಿಂದ ಎರಡು ಪುಟ ತೆಗೆಸಿದರು. ಒಂದು ಬರಹ ಶಾಲೆಯಲ್ಲಿ ಗರ್ಭಿಣಿಯರಾದ ಹುಡುಗಿಯರ ಬಗ್ಗೆ, ಇನ್ನೊಂದು ಅಪ್ಪ ಅಮ್ಮ ಬೇರೆಯಾದ ಮಕ್ಕಳ ಬಗ್ಗೆ. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-3ರಲ್ಲಿ ಶಾಲೆಯ ಪರ ತೀರ್ಪು ಕೊಟ್ಟಿತು. ಆ ತೀರ್ಪಿನಿಂದ ಶಾಲೆಗಳ ಕೈಗೆ ಜಾಸ್ತಿ ಅಧಿಕಾರ ಹೋಯಿತು ಅಂತ ಇವತ್ತಿಗೂ ಬೇಸರ ಪಡುವವರಿದ್ದಾರೆ, ನಾನೂ ಪಡುತ್ತೇನೆ. ಆದರೆ ಪ್ರಾಂಶುಪಾಲರು ಕೊಟ್ಟ ಕಾರಣ ನೋಡಿ. ಹೆಸರು ಬದಲಿಸಿದ್ದರೂ ಆ ಹುಡುಗಿಯರು ಯಾರು ಅಂತ ಗೊತ್ತಾಗಿಬಿಡಬಹುದು ಅಂದರು. ಬೇರೆಯಾದ ಅಪ್ಪನ ಮೇಲೆ ಮಗಳು ದೂರಿದ್ದಾಳೆ, ಆ ಅಪ್ಪನನ್ನು ಯಾರೂ ಕೇಳಿಲ್ಲ ಅಂದರು. ಇವೆರಡೂ ಒಬ್ಬ ಒಳ್ಳೆಯ ಸಂಪಾದಕ ಕೇಳಬೇಕಾದ ಪ್ರಶ್ನೆಗಳೇ. ಕೇಳಿ ತಿದ್ದಿಸಬಹುದಿತ್ತು, ಪುಟವನ್ನೇ ತೆಗೆಸಿದರು. ಜಗಳ ಇರುವುದು ಅಲ್ಲಿ.

ನಿಮ್ಮ ಹೆಡ್‌ಮಾಸ್ಟ್ರೂ ಹಾಗೇ ಇರಲಿ. ಅವರ ಕಾಳಜಿ ಸರಿ, ಕಾರಣ ಹೇಳದೆ ಇದ್ದದ್ದು ತಪ್ಪು. ಆರನೇ ಅಧ್ಯಾಯದಲ್ಲಿ ದೇಚು ಹೋಗಿ "ಯಾಕೆ ಸರ್?" ಅಂತ ಕೇಳಲಿ.

ನಮ್ಮ ದೇಶದ್ದೂ ಒಂದಿದೆ. 1985ರಲ್ಲಿ ಪಕ್ಕದ ಕೇರಳದಲ್ಲಿ ಮೂವರು ಅಣ್ಣ ತಂಗಿಯರನ್ನು ರಾಷ್ಟ್ರಗೀತೆ ಹಾಡಲಿಲ್ಲ ಅಂತ ಶಾಲೆಯಿಂದ ಹೊರಗೆ ಹಾಕಿದರು. ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಅವರ ಧರ್ಮದ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಸಂವಿಧಾನದ 19ನೇ ವಿಧಿಯ ಮಾತಿನ ಹಕ್ಕು ಶಾಲೆಯ ಗೇಟಿನ ಹೊರಗೆ ನಿಲ್ಲುವುದಿಲ್ಲ ಅಂತ ಮಕ್ಕಳಿಗೆ ಹೇಳಲು ನಾನು ಯಾವಾಗಲೂ ಈ ಕೇಸನ್ನೇ ಹೇಳುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಕಡ್ಡಾಯ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಶಾಲೆ, ಮನೆ, ಗುರುತು ಸಿಗುವ ಯಾವುದನ್ನೂ ಬರೆಯುವಂತಿಲ್ಲ. ಅಂಥ ಮಕ್ಕಳ ರಕ್ಷಣೆಗೆ ಇರುವ 2012ರ ಪೋಕ್ಸೋ ಕಾಯ್ದೆ ಇದನ್ನು ನೇರವಾಗಿ ಹೇಳುತ್ತದೆ. ನಿಮ್ಮ ಮೂವರು ಪತ್ರಕರ್ತರಿಗೂ ಇದು ಗೊತ್ತಿರಬೇಕು.

ಹೂಮಳೆ (ಭಾನುವಾರ, ಮಧ್ಯಾಹ್ನ 2:00)

ಸೋಮವಾರಪೇಟೆ ಕಡೆ ಸಣ್ಣ ಕಾಫಿ ಬೆಳೆಗಾರ ನಾನು. ಪತ್ರಿಕೆಯಲ್ಲಿ ಮಳೆ ಲೆಕ್ಕ ಇದೆಯಾ? ಇಲ್ಲದಿದ್ದರೆ ಅದು ಕೊಡಗಿನ ಪತ್ರಿಕೆ ಅಲ್ಲ! ನಮ್ಮ ಮನೆಯಲ್ಲಿ ಅಜ್ಜನ ಕಾಲದ ಮಳೆ ಪುಸ್ತಕ ಇದೆ. ದಿನಾ ಬೆಳಗ್ಗೆ ಅಳೆದು ಬರೆಯುವುದು. ಇಂಚು, ಸೆಂಟ್‌ನಲ್ಲಿ ಹೇಳುವುದು ನಮ್ಮ ರೂಢಿ. 100 ಸೆಂಟ್‌ಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್.

ಮಕ್ಕಳೇ ಮಾಪಕ ಮಾಡಬಹುದು. ಬದಿ ನೇರ ಇರುವ ಪ್ಲಾಸ್ಟಿಕ್ ಬಾಟಲಿ ತಗೊಂಡು, ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಿದರೆ ಆಯ್ತು. ತಳ ಉಬ್ಬುತಗ್ಗು ಇದ್ದರೆ ಮೊದಲೇ ಒಂದು ಗೆರೆ ಹಾಕಿ, ಅಲ್ಲಿವರೆಗೆ ನೀರು ತುಂಬಿ, ಅಲ್ಲಿಂದ ಮೇಲೆ ಅಳೆಯಬೇಕು. ಸೂರಿನ ಕೆಳಗೆ ಇಡಬಾರದು, ಸಿಲ್ವರ್ ಓಕ್ ಕೆಳಗೆ ಇಡಬಾರದು. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇರಬೇಕು. ಮಕ್ಕಳು ಮೊದಲು ಸೂರಿನ ಕೆಳಗೇ ಇಟ್ಟು, "ಒಂದೇ ರಾತ್ರಿ 19 ಇಂಚು" ಅಂತ ಬರೆದುಬಿಡಲಿ. ಊರಿನ ಹಿರಿಯರು ಓಡಿಬಂದು ಕೇಳುತ್ತಾರೆ ನೋಡಿ.

ಬಾಟಲಿ ಹಳ್ಳಿಯ ಹುಡುಗಿ, ಈಗ ಬೆಂಗಳೂರು (ಭಾನುವಾರ, ಸಂಜೆ 5:35)

ಹೂಮಳೆ ಅಣ್ಣ ಹೇಳಿದ್ದು ಓದಿ 2018ರ ಆಗಸ್ಟ್ ನೆನಪಾಯಿತು. ನಾನಾಗ ಎಂಟನೇ ಕ್ಲಾಸು. ಮಕ್ಕಂದೂರು ಕಡೆ ಗುಡ್ಡ ಜರಿದು ನಮ್ಮ ನೆಂಟರು ಉಟ್ಟ ಬಟ್ಟೆಯಲ್ಲಿ ನಮ್ಮ ಮನೆಗೆ ಬಂದಿದ್ದರು. ಕರೆಂಟ್ ಇಲ್ಲ. ಫೋನ್ ಒಂದೊಂದು ಸಲ ಜೀವ ಬರುವುದು. ಜೀವ ಬಂದಾಗೆಲ್ಲ ಸಂದೇಶಗಳು ಒಟ್ಟಿಗೆ ಸುರಿಯುತ್ತಿದ್ದವು. ಅಣೆಕಟ್ಟು ಒಡೆಯಿತು ಅಂತ ಒಂದು, ರಾತ್ರಿ ಹನ್ನೆರಡಕ್ಕೆ ಮತ್ತೆ ಗುಡ್ಡ ಬರುತ್ತದೆ ಅಂತ ಇನ್ನೊಂದು. ನನ್ನ ಅತ್ತೆ ಆ ರಾತ್ರಿ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ಕೂತಿದ್ದರು. ಹನ್ನೆರಡಾಯಿತು, ಒಂದಾಯಿತು. ಏನೂ ಬರಲಿಲ್ಲ. ಆದರೆ ಆ ರಾತ್ರಿಯ ಭಯ ಸುಳ್ಳಲ್ಲ ಅಲ್ವಾ? ಅದನ್ನು ಬರೆದು ಕಳಿಸಿದವರು ಯಾರು ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ.

ಆವಾಗ ನಮಗೆ ಇಂಥ ಒಂದು ಪುಸ್ತಕ ಇದ್ದಿದ್ದರೆ ಅನ್ನಿಸುತ್ತದೆ. "ಯಾರು ಹೇಳಿದ್ದು, ಯಾವಾಗ ಹೇಳಿದ್ದು" ಅಂತ ಕೇಳಲು ಕಲಿಸುವ ಕಥೆ. ಕಳ್ಳನ ಕಥೆಗಳು ಬೇಕಾದಷ್ಟು ಇವೆ.

ಲೈನ್‌ಮನೆ ಮಗ (ಭಾನುವಾರ, ರಾತ್ರಿ 8:40)

ಸಿದ್ದಾಪುರ ಕಡೆಯ ತೋಟದ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸ. ಈಗ ಮೈಸೂರಿನಲ್ಲಿದ್ದೇನೆ.

ಟೀಚರ್, ಒಂದೇ ಪ್ರಶ್ನೆ. ನಿಮ್ಮ ಕಥೆಯಲ್ಲಿ ಸೆಲ್ವಿ ಏನು ಮಾಡುತ್ತಾಳೆ? ದೇಚು ಸಂಪಾದಕಿ, ಆಶಿಕ್ ತಕ್ಕಡಿ ತರುತ್ತಾನೆ. ಸೆಲ್ವಿ ಜೊತೆಗಿರುತ್ತಾಳೆ, ಅಷ್ಟೇನಾ?

ನಮಗೆ ಸುದ್ದಿ ಬರುತ್ತಿದ್ದ ದಾರಿಯೇ ಬೇರೆ. ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದ್ದು ಅಪ್ಪನಿಗೆ, ಅಪ್ಪ ಹೇಳಿದ್ದು ನಮಗೆ. ಆನೆ ಎಲ್ಲಿದೆ ಅನ್ನುವುದು ನಮಗೆ ದಿನದ ಮೊದಲ ಸುದ್ದಿ. ಬೆಳಗ್ಗೆ ಎದ್ದು ಅಮ್ಮ ಮೊದಲು ನೋಡುತ್ತಿದ್ದದ್ದು ಹಲಸಿನ ಮರದ ಬುಡ. ಹಣ್ಣು ಬಿದ್ದಿದೆಯಾ, ಲದ್ದಿ ಬಿಸಿ ಇದೆಯಾ. ಬಿಸಿ ಇದ್ದರೆ ಆ ದಾರಿಯಲ್ಲಿ ಶಾಲೆಗೆ ಹೋಗುವಂತಿಲ್ಲ, ಸುತ್ತಿಕೊಂಡು ಹೋಗಬೇಕು, ತಡವಾಗುತ್ತದೆ, ತಡವಾದರೆ ಹೊರಗೆ ನಿಲ್ಲಿಸುತ್ತಾರೆ. ನಾನು ಎಷ್ಟೋ ದಿನ ಹೊರಗೆ ನಿಂತಿದ್ದೇನೆ. ಯಾಕೆ ತಡ ಅಂತ ಒಬ್ಬರೂ ಕೇಳಿರಲಿಲ್ಲ.

ಸೆಲ್ವಿಗೆ ಅದನ್ನು ಬರೆಯಲು ಕೊಡಿ. "ಇವತ್ತು ಆನೆ ಎಲ್ಲಿದೆ" ಅಂತ ದಿನಾ ನಾಲ್ಕು ಸಾಲು. ಇಡೀ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಅದು ಗೊತ್ತಿರುವುದು ಅವಳಿಗೇ.

ಜಿಲ್ಲಾ ವರದಿ (ಭಾನುವಾರ, ರಾತ್ರಿ 9:02)

ಈ ಇಡೀ ಚರ್ಚೆಯಲ್ಲಿ ಇದೇ ಮುಖ್ಯವಾದ ಮಾತು. ದೆಹಲಿಯಲ್ಲಿ ಬೀದಿ ಮಕ್ಕಳು, ದುಡಿಯುವ ಮಕ್ಕಳು ತಾವೇ ಸುದ್ದಿ ಕಲೆಹಾಕಿ ಮಾಡುವ 'ಬಾಲಕನಾಮಾ' ಅನ್ನುವ ಪತ್ರಿಕೆ 2003ರಲ್ಲಿ ಶುರುವಾಯಿತು. ಅಕ್ಷರ ಬರದ ಮಕ್ಕಳೂ ಅದಕ್ಕೆ ವರದಿ ಕೊಡುತ್ತಾರೆ. ಅವರು ಬಾಯಲ್ಲಿ ಹೇಳುತ್ತಾರೆ, ಬರೆಯಲು ಬರುವವರು ಬರೆದುಕೊಳ್ಳುತ್ತಾರೆ. ಸುದ್ದಿ ಯಾರ ಹತ್ತಿರ ಇದೆಯೋ ಅವರೇ ವರದಿಗಾರರು.

ಚಾರ್ಟ್‌ಪೇಪರ್ ಟೀಚರ್ (ಸೋಮವಾರ, ರಾತ್ರಿ 10:30)

ಲೈನ್‌ಮನೆ ಮಗ, ನಿಮ್ಮ ಮಾತು ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಒಂದು ವಿಷಯವನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ಮೂರು ವರ್ಷದ ಹಿಂದೆ, ಜೋರು ಮಳೆಯ ಕಕ್ಕಡ ತಿಂಗಳು (ಜುಲೈ-ಆಗಸ್ಟ್). ಎರಡು ದಿನ ಮಳೆ ರಜೆ ಆಗಿ ಶಾಲೆ ಮತ್ತೆ ತೆರೆದಿತ್ತು. ಮಧ್ಯಾಹ್ನ ಮೂರೂವರೆಗೆ ಪತ್ರಿಕೆಯ ಹುಡುಗನೊಬ್ಬ ಓಡಿಬಂದ. ಗೇಟಿನ ಹತ್ತಿರ ಬಂದಿದ್ದ ಅವನ ಚಿಕ್ಕಪ್ಪನ ಫೋನಿನಲ್ಲಿ ಡಿಸಿ ಆದೇಶ ಇದೆ, ನಾಳೆಯೂ ರಜೆ ಅಂದ. ನಾನೂ ಹೋಗಿ ನೋಡಿದೆ. ಲೆಟರ್‌ಹೆಡ್ ಇತ್ತು, ಸೀಲ್ ಇತ್ತು, ಸಹಿ ಇತ್ತು. ಹೆಡ್‌ಮಾಸ್ಟ್ರು ಮೀಟಿಂಗಿಗೆ ಹೋಗಿದ್ದರು, ಅವರ ಫೋನ್ ಸಿಗಲಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕೇಳೋಣ ಅಂತ ನನಗೆ ಹೊಳೆಯಲೇ ಇಲ್ಲ. ಮಕ್ಕಳು ಕೆಂಪು ಸ್ಕೆಚ್‌ನಲ್ಲಿ "ನಾಳೆ ರಜೆ" ಅಂತ ಬರೆದು ಗೋಡೆ ಪತ್ರಿಕೆಯ ತಲೆಗೆ ಅಂಟಿಸಿದರು. ಸರಿ, ಹಾಕಿ ಅಂದವಳು ನಾನೇ. ಸಂಜೆ ಬೆಲ್ ಆದಾಗ ಮಕ್ಕಳೆಲ್ಲ ಅದನ್ನು ಓದಿಕೊಂಡೇ ಮನೆಗೆ ಹೋದರು.

ಆ ಆದೇಶ ಹಿಂದಿನ ವರ್ಷದ್ದು. ಯಾರೋ ತಾರೀಕು ತಿದ್ದಿ ಹರಿಯಬಿಟ್ಟಿದ್ದರು. ಆಮೇಲೆ ಫೋನಿನಲ್ಲಿ ಹಿಗ್ಗಿಸಿ ನೋಡಿದೆ. ತಾರೀಕಿನ ಅಂಕಿ ಉಳಿದ ಅಂಕಿಗಳಿಗಿಂತ ಸ್ವಲ್ಪ ದಪ್ಪ. ಪಕ್ಕದಲ್ಲಿ ಇದ್ದ ವಾರದ ಹೆಸರನ್ನು ತಿದ್ದಲು ಮರೆತಿದ್ದರು. ಮಾರನೆ ದಿನ ಗುರುವಾರ, ಅದರಲ್ಲಿ ಇದ್ದದ್ದು ಮಂಗಳವಾರ. ಅರ್ಧ ನಿಮಿಷ ನೋಡಿದ್ದರೆ ಸಾಕಿತ್ತು.

ಫೋನ್ ಇದ್ದ ಮನೆಗಳಿಗೆ ರಾತ್ರಿಯೇ ಸರಿಯಾದ ಸುದ್ದಿ ತಲುಪಿತು, ಮಕ್ಕಳು ಶಾಲೆಗೆ ಬಂದರು. ಲೈನ್‌ಮನೆಗಳಲ್ಲಿ ಮೂರು ದಿನದಿಂದ ಕರೆಂಟ್ ಇರಲಿಲ್ಲ, ಫೋನ್‌ಗಳೆಲ್ಲ ಆಫ್. ಅಲ್ಲಿಂದ ಒಂದು ಮಗುವೂ ಬರಲಿಲ್ಲ. ಅಪ್ಪ ಅಮ್ಮ ಬೆಳಗ್ಗೆಯೇ ಕೆಲಸಕ್ಕೆ ಹೋಗಿದ್ದರು. ಎರಡನೇ ಕ್ಲಾಸಿನ ಒಬ್ಬ ಪುಟ್ಟ ಹುಡುಗ ಇಡೀ ದಿನ ಒಬ್ಬನೇ ಮನೆಯಲ್ಲಿದ್ದ. ಶಾಲೆಯಲ್ಲಿ ಆವತ್ತು ಊಟ ಇತ್ತು, ಅವನಿಗೆ ಇರಲಿಲ್ಲ. ಮಧ್ಯಾಹ್ನ ಲೈನಿನ ಹಿಂದೆ ಆನೆ ಹಾದುಹೋಗಿದೆ. ಏನೂ ಆಗಲಿಲ್ಲ. ಆಗಬಹುದಿತ್ತು.

ನಾನು ಏನು ಮಾಡಿದೆ ಗೊತ್ತಾ? ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಆ ಹಾಳೆಯನ್ನು ಹರಿದು ತೆಗೆದೆ. ತಪ್ಪಾಯಿತು ಅಂತ ಎಲ್ಲೂ ಬರೆಯಲಿಲ್ಲ. ಮಕ್ಕಳು ಖಾಲಿ ಗೋಡೆ ನೋಡಿದರು, ನನ್ನನ್ನು ನೋಡಿದರು, ಏನೂ ಕೇಳಲಿಲ್ಲ. ಅದಾದ ಮೇಲೆ ಪ್ರತಿ ಸುದ್ದಿಯ ಕೆಳಗೆ "ಯಾರನ್ನು ಕೇಳಿದೆವು" ಅಂತ ಒಂದು ಸಾಲು ಬರೆಯುವ ಪದ್ಧತಿ ಮಾಡಿದೆ. ಆದರೆ ಆ ತಪ್ಪಿನ ಬಗ್ಗೆ ಮಾತಾಡಲಿಲ್ಲ.

ಹನ್ನೆರಡನೇ ಅಧ್ಯಾಯ ಇದೇ ಅಂತ ಈಗ ಗೊತ್ತಾಯಿತು. ಅಕ್ಕಿ ಕಥೆ ಎಂಟಕ್ಕೆ ಹೋಗುತ್ತದೆ, ಕಳ್ಳ ಇರುವುದಿಲ್ಲ.

ಜಿಲ್ಲಾ ವರದಿ (ಸೋಮವಾರ, ರಾತ್ರಿ 10:51)

ಬರೆಯಿರಿ ಟೀಚರ್. ತಿದ್ದುಪಡಿ ಹಾಕುವುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ನಾನೂ ಒಮ್ಮೆ ತೀರಿಹೋದವರ ಹೆಸರಿನ ಜಾಗದಲ್ಲಿ ಬದುಕಿದ್ದ ಅವರ ತಮ್ಮನ ಹೆಸರು ಬರೆದಿದ್ದೆ. ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಎರಡು ಸಾಲು ಬಂತು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಾಫಿ ಕೊಟ್ಟರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ನಿಮ್ಮ ಮಕ್ಕಳು ತಿದ್ದುಪಡಿಯನ್ನು ತಪ್ಪು ಬಂದಿದ್ದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಲಿ. ಕೆಂಪು ಸ್ಕೆಚ್‌ನಲ್ಲೇ.

ಕುಶಾಲನಗರದ ಅಮ್ಮ (ಮಂಗಳವಾರ, ಬೆಳಗ್ಗೆ 7:15)

ನಿನ್ನೆ ರಾತ್ರಿ ಟೀಚರ್ ಬರೆದದ್ದನ್ನು ಮಗನಿಗೆ ಓದಿ ಹೇಳಿದೆ. ಹಾಸಿಗೆಯಿಂದ ಎದ್ದು ಕೂತ. "ಆ ಪುಟ್ಟ ಹುಡುಗ ಏನು ತಿಂದ? ಆನೆ ಬಾಗಿಲ ಹತ್ತಿರ ಬಂತಾ? ಸೆಲ್ವಿಗೆ ಗೊತ್ತಿತ್ತಾ ಆನೆ ಇದೆ ಅಂತ?" ಕಳ್ಳ ಬೇಕು ಅಂದಿದ್ದೆ ನಾನು. ಆ ಮಾತು ವಾಪಸ್ ತಗೊಳ್ಳುತ್ತೇನೆ.

ಕರಿಕೋಟು (ಮಂಗಳವಾರ, ಬೆಳಗ್ಗೆ 9:40)

ಆ ಮಗುವಿನ ಹೆಸರು, ಲೈನಿನ ಹೆಸರು ಕಾದಂಬರಿಯ ಪತ್ರಿಕೆಯಲ್ಲೂ ಬರದಿರಲಿ. ದೇಚು ಬರೆಯಲು ಹೊರಟಾಗ ಹೆಡ್‌ಮಾಸ್ಟ್ರು ಈ ಸಲ ಕಾರಣ ಹೇಳಿ ತೆಗೆಸಲಿ. ಐದನೇ ಅಧ್ಯಾಯದ ಗಂಟೂ ಅಲ್ಲೇ ಬಿಚ್ಚುತ್ತದೆ.

ಚಾರ್ಟ್‌ಪೇಪರ್ ಟೀಚರ್ (ಗುರುವಾರ, ರಾತ್ರಿ 9:25)

ಬರೆದೆ. ಮಳೆಯಲ್ಲಿ ಮೂವರೂ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಲೈನಿಗೆ ಹೋಗುತ್ತಾರೆ. ದಾರಿ ಯಾವುದು ಅಂತ ಹೇಳುವವಳು ಸೆಲ್ವಿ, ಲದ್ದಿ ಮುಟ್ಟಿ ನೋಡುವವಳೂ ಅವಳೇ. ಆ ದಿನದ ಪತ್ರಿಕೆಯ ತಲೆಬರಹದ ಜಾಗದಲ್ಲಿ ಇರುವುದು ಇಷ್ಟು:

"ಬುಧವಾರ ಈ ಜಾಗದಲ್ಲಿ 'ನಾಳೆ ರಜೆ' ಎಂದು ಬರೆದಿದ್ದೆವು. ಅದು ತಪ್ಪು. ಫೋನಿನಲ್ಲಿ ನೋಡಿದ್ದನ್ನು ನಂಬಿದೆವು, ಯಾರನ್ನೂ ಕೇಳಲಿಲ್ಲ. ಇದರಿಂದ 14 ಮಕ್ಕಳಿಗೆ ಪಾಠ ತಪ್ಪಿತು, ಊಟ ತಪ್ಪಿತು. ಅವರ ಮನೆಗಳಿಗೆ ಹೋಗಿ ಕ್ಷಮೆ ಕೇಳಿದ್ದೇವೆ. ಯಾರನ್ನು ಕೇಳಿದೆವು: ಹೆಡ್‌ಮಾಸ್ಟ್ರು, ಅಡುಗೆ ಅಕ್ಕ, 14 ಮಕ್ಕಳು."

ಲೈನ್‌ಮನೆ ಮಗ (ಗುರುವಾರ, ರಾತ್ರಿ 10:10)

ಚೆನ್ನಾಗಿದೆ. ಒಂದು ಮಾತು ಸೇರಿಸಿ. ಗೋಡೆಯ ಮೇಲೆ ಕನ್ನಡದಲ್ಲಿ ಬರೆದದ್ದನ್ನು ಲೈನಿನ ಅಪ್ಪ ಅಮ್ಮಂದಿರು ಓದುವುದಿಲ್ಲ. ನಮ್ಮ ಲೈನಿನಲ್ಲಿ ತಮಿಳು, ಮಲಯಾಳ, ಯರವ ಮಾತು ಎಲ್ಲ ಇತ್ತು. ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಮನೆ ಬಾಗಿಲಲ್ಲಿ ಸೆಲ್ವಿ ತಮಿಳಲ್ಲಿ ಹೇಳಲಿ, ಆಶಿಕ್ ಮಲಯಾಳದಲ್ಲಿ ಹೇಳಲಿ. ಉಳಿದ ಮನೆಗಳಲ್ಲಿ ಆ ಮನೆಯ ಮಕ್ಕಳೇ ಹೇಳಲಿ. ದೇಚುಗೆ ಏನೂ ಅರ್ಥವಾಗದೆ ಸುಮ್ನೆ ಮಳೆಯಲ್ಲಿ ನಿಂತಿರಲಿ.

ಮತ್ತೆ ಟೀಚರ್, ನಿಮ್ಮ ಶಾಲೆಯ ಗೋಡೆಗೆ ಹಾಕಿದಿರಾ?

ಚಾರ್ಟ್‌ಪೇಪರ್ ಟೀಚರ್ (ಶನಿವಾರ, ಸಂಜೆ 4:50)

ಇವತ್ತು ಹಾಕಿದೆ. ಕೆಂಪು ಸ್ಕೆಚ್‌ನಲ್ಲಿ, ಮೇಲ್ಭಾಗದಲ್ಲಿ, ನನ್ನ ಹೆಸರು ಬರೆದು. ಆವತ್ತಿನ ಏಳನೇ ಕ್ಲಾಸಿನವರು ಈಗ ಹೈಸ್ಕೂಲು. ಇಬ್ಬರು ಬಂದು ಓದಿಕೊಂಡು ಹೋದರು.

ಎರಡನೇ ಕ್ಲಾಸಿನಲ್ಲಿದ್ದ ಹುಡುಗ ಈಗ ಐದನೇ ಕ್ಲಾಸು. ಎರಡು ಸಲ ಓದಿದ. ಆಮೇಲೆ ನನ್ನ ಹತ್ತಿರ ಬಂದು, "ಆವತ್ತು ಅಮ್ಮ ಬರುವವರೆಗೆ ನಾನು ಬಾಗಿಲು ತೆಗೀಲೇ ಇಲ್ಲ ಟೀಚರ್, ಬಕೆಟ್ ಅಡ್ಡ ಇಟ್ಟಿದ್ದೆ" ಅಂದ. ಯಾವ ಬಣ್ಣದ ಬಕೆಟ್ ಅಂತ ಕೇಳಿದೆ. ನೀಲಿ ಅಂದ. ಬರೆದುಕೊಂಡೆ.